ಜಗಲಿಯ ರೈಲು, ಹಿತ್ತಿಲ ರೈಲು

ಈಚೆಗೆ ಸ್ಟೇಷನ್ ಮಾಸ್ಟರ್ ಕೆಲಸಕ್ಕೆ ಸೇರಿದ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. "ಆಂಟಿ, ಜಂಕ್ಷನ್ನಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು?" ಎಂದು ಕೇಳಿದಳು. ಸಿಗ್ನಲ್ಲು, ಪಾಯಿಂಟು, ಎರಡು ರೈಲು ಒಟ್ಟಿಗೆ ಬಂದರೆ ಯಾವುದನ್ನು ಮೊದಲು ಬಿಡಬೇಕು, ಇಂಥದೇನಾದರೂ ಹೇಳುತ್ತೇನೆಂದು ಕಾದು ಕುಳಿತಿದ್ದಳು. "ಎದುರಿಗೆ ನಿಂತಿರುವ ರೈಲು ನಿಮ್ಮದಲ್ಲ ಎಂದು ಜನರನ್ನು ಒಪ್ಪಿಸುವುದು" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇದು ಅರ್ಥವಾಗಬೇಕಾದರೆ ನಾನು ಸ್ಟೇಷನ್ ಮಾಸ್ಟರ್ ಆಗಿದ್ದ ಹಾಸನದ ಜಂಕ್ಷನ್ ದೊಡ್ಡದಾದ ಕಾಲದ ಕಥೆ ಗೊತ್ತಿರಬೇಕು. ಅದನ್ನೇ ಬರೆಯುತ್ತಿದ್ದೇನೆ.

ನನ್ನ ತವರು ಹೊಳೆನರಸೀಪುರ. ಅಪ್ಪ ದೇವಸ್ಥಾನದ ಅರ್ಚಕರು. ನನಗೆ ಕೆಲಸ ಸಿಕ್ಕಿದಾಗ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು, ಆದರೆ ಏನು ಕೆಲಸ ಎಂಬುದು ನಮ್ಮಜ್ಜಿಗೆ ಕೊನೆಯವರೆಗೂ ತಿಳಿಯಲಿಲ್ಲ. "ಮಾಸ್ಟರ್" ಎಂಬ ಮಾತು ಕಿವಿಗೆ ಬಿದ್ದಿತ್ತು. ಬಂದವರಿಗೆಲ್ಲ "ನಮ್ಮ ಜಯಲಕ್ಷ್ಮಿ ರೈಲ್ವೆ ಸ್ಟೇಷನ್ನಲ್ಲಿ ಪಾಠ ಹೇಳ್ಕೊಡ್ತಾಳೆ" ಎನ್ನುತ್ತಿದ್ದರು. ಒಮ್ಮೆ ಒಬ್ಬ ನೆಂಟರು ತಮ್ಮ ಮಗನನ್ನು ಗಣಿತದ ಟ್ಯೂಷನ್ನಿಗೆಂದು ಸ್ಟೇಷನ್ನಿಗೇ ಕರೆದುಕೊಂಡು ಬಂದರು. ಆ ಹೊತ್ತಿಗೆ ಗೂಡ್ಸ್ ಗಾಡಿ ಹೋಗುತ್ತಿತ್ತು. ವ್ಯಾಗನ್ ಎಣಿಸು ಅಂತ ಕೂರಿಸಿದೆ. ಹುಡುಗನಿಗೆ ಬಹಳ ಖುಷಿಯಾಯಿತು.

ಸ್ಟೇಷನ್ನಿನಲ್ಲಿ ನನ್ನನ್ನು ಮೇಡಂ ಎಂದವರು ಕಡಿಮೆ. ಪಾಯಿಂಟ್ಸ್‌ಮನ್ ಜವರಪ್ಪನಿಂದ ಹಿಡಿದು ದಿನಾ ಓಡಾಡುವ ಜನದವರೆಗೂ ಎಲ್ಲರಿಗೂ ನಾನು ಮಾಸ್ಟ್ರಮ್ಮ. ಜವರಪ್ಪ ದುದ್ದದವನು. ಹಳಿ ಕೂಡುವ ಜಾಗದಲ್ಲಿ ಪಾಯಿಂಟು ಸರಿಯಾಗಿ ಕೂತಿದೆಯೇ ನೋಡುವುದು, ಬಾವುಟ ತೋರಿಸುವುದು ಅವನ ಕೆಲಸ. ಬೆಳಿಗ್ಗೆ ಮನೆಯಲ್ಲಿ ಹಸು ಕರೆದು, ಡೈರಿಗೆ ಹಾಲು ಹಾಕಿ, ಬೈಕಿನಲ್ಲಿ ಡ್ಯೂಟಿಗೆ ಬರುತ್ತಿದ್ದ. ರೈಲುಗಳನ್ನೂ ಅವನು ಹಸುಗಳ ಹಾಗೆಯೇ ಕಾಣುತ್ತಿದ್ದ. ತಡವಾಗಿ ಬಂದ ಗಾಡಿಗೆ "ಎಲ್ ಮೇಯಕ್ ಓಗಿತ್ತವ್ವಾ ಇದು" ಎನ್ನುತ್ತಿದ್ದ.

ನಮ್ಮ ಜಂಕ್ಷನ್ನಿಗೆ ನಾಲ್ಕು ದಿಕ್ಕಿನಿಂದ ಹಳಿ ಬರುತ್ತದೆ. ಹೊಳೆನರಸೀಪುರದ ಮೇಲೆ ಮೈಸೂರಿನ ಕಡೆ ಒಂದು, ಶಾಂತಿಗ್ರಾಮ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಒಂದು, ಅರಸೀಕೆರೆಗೆ ಒಂದು, ಘಾಟಿ ಇಳಿದು ಮಂಗಳೂರಿಗೆ ಒಂದು. ಮೈಸೂರು ಕಡೆಯಿಂದ ಬರುವ ಪ್ಯಾಸೆಂಜರಿನಲ್ಲಿ ನರ್ಸುಗಳು, ಮೇಷ್ಟ್ರುಗಳು, ಕಚೇರಿ ಗುಮಾಸ್ತರು, ಬೆಣ್ಣೆ ಸೊಪ್ಪು ಮಾರುವವರು ದಿನಾ ಬಂದು ದಿನಾ ವಾಪಸು ಹೋಗುವವರು. ಬೆಂಗಳೂರಿನ ಉದ್ದದ ರೈಲಿನಲ್ಲಿ ಸೂಟ್‌ಕೇಸಿನವರು. ಇದ್ದ ಪ್ಲಾಟ್‌ಫಾರ್ಮು ಕಡಿಮೆ, ರೈಲು ಜಾಸ್ತಿ. ಬೆಂಗಳೂರಿನ ರೈಲು ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿತೆಂದರೆ ನಮ್ಮ ಪ್ಯಾಸೆಂಜರು ಊರಾಚೆ ಔಟರ್ ಸಿಗ್ನಲ್ಲಿನಲ್ಲಿ ಕಾಯಬೇಕು. ಅಲ್ಲೊಂದು ಸೀಬೆ ತೋಟ. ತೋಟದವರು ಬುಟ್ಟಿ ಹಿಡಿದು ಹಳಿಯ ಪಕ್ಕ ಬಂದು ನಿಲ್ಲುತ್ತಿದ್ದರು. ರೈಲು ನಿಲ್ಲುತ್ತಿದ್ದದ್ದು ಸೀಬೆಹಣ್ಣಿಗಾಗಿಯೇ ಎಂದು ಅನೇಕರು ನಂಬಿದ್ದರು.

ಕಡೆಗೆ ಯಾರ್ಡನ್ನು ದೊಡ್ಡದು ಮಾಡುವ ಕೆಲಸ ಬಂತು. ಹೊಸ ಹಳಿ, ಹೊಸ ಪ್ಲಾಟ್‌ಫಾರ್ಮು, ಮೇಲುಸೇತುವೆ. ಹಳೆಯ ಪ್ಯಾನೆಲ್ಲಿನ ಗುಂಡಿಗಳ ಬದಲು ಕಂಪ್ಯೂಟರ್ ಪರದೆಯಲ್ಲಿ ಮೌಸ್ ಒತ್ತಿ ಸಿಗ್ನಲ್ ಕೊಡುವ ವ್ಯವಸ್ಥೆ. ನಾನು ಕೆಲಸಕ್ಕೆ ಸೇರಿದಾಗ ಲಿವರ್ ಎಳೆದು ಸಿಗ್ನಲ್ ಬೀಳಿಸುತ್ತಿದ್ದೆವು. ಎಳೆದು ಎಳೆದು ನನ್ನ ಬಲಗೈ ತೋಳು ಎಡಗೈಗಿಂತ ದಪ್ಪವಾಗಿತ್ತು. ರವಿಕೆ ಹೊಲಿಯುವವಳು ಎರಡು ತೋಳಿಗೂ ಬೇರೆ ಬೇರೆ ಅಳತೆ ತೆಗೆದುಕೊಳ್ಳುತ್ತಿದ್ದಳು. ಗುಂಡಿ ಬಂದ ಮೇಲೆ ಎರಡೂ ಸಮವಾದವು. ಇನ್ನು ಮೌಸ್ ಬಂದರೆ ಬೆರಳು ಮಾತ್ರ ದಪ್ಪವಾಗುತ್ತದೇನೋ ಅಂದುಕೊಂಡೆ.

ಕೆಲಸದ ಉಸ್ತುವಾರಿಗೆ ಬಂದ ಇಂಜಿನಿಯರ್ ಮಿಶ್ರಾ. ಉತ್ತರದವನು, ಮೂವತ್ತರ ಆಸುಪಾಸಿನ ವಯಸ್ಸು, ತೆಳ್ಳಗೆ ಬಿದಿರಿನ ಗಳುವಿನಂತಿದ್ದ. ಬಂದ ದಿನವೇ "ನಾನು ಕನ್ನಡ ಕಲಿಯುತ್ತೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ನನಗೆ ಗೌರವ ಉಂಟಾಯಿತು. ಸಂಜೆಗೆ ಬಂದರೆ ಹೇಳಿಕೊಡುತ್ತೇನೆ ಎಂದೆ. ಅವನು ಬರಲಿಲ್ಲ. ದಿನವಿಡೀ ಹಳಿ ಹಾಕುವ ಶಾಂತಿಗ್ರಾಮದ ಕಡೆಯ ಗ್ಯಾಂಗಿನವರ ಜೊತೆ ಇರುತ್ತಿದ್ದ, ಕನ್ನಡವನ್ನು ಅವರಿಂದಲೇ ಕಲಿತುಬಿಟ್ಟ. ಆ ಗ್ಯಾಂಗಿನವರು ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಿದ್ದರೋ ಮಿಶ್ರಾ ಲೋಕವನ್ನೆಲ್ಲ ಹಾಗೆ ಕರೆಯತೊಡಗಿದ. ಬಹುವಚನವೆಂಬುದೊಂದು ಕನ್ನಡದಲ್ಲಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ತಿಂಗಳಾದ ಮೇಲೆ ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, ತುಂಬ ವಿನಯದಿಂದ ಕೈ ಮುಗಿದು, "ಏನ್ಲಾ ಮಾಸ್ಟ್ರಮ್ಮ, ಉಂಡ್ಯಾ?" ಎಂದ.

ಜವರಪ್ಪ ಬಾವುಟದಲ್ಲಿ ಮುಖ ಮುಚ್ಚಿಕೊಂಡು ಆಚೆ ಓಡಿದ. ನಾನು ಮಿಶ್ರಾನನ್ನು ಕೂರಿಸಿ, "ಲಾ ಅಂತ ಹೆಂಗಸರಿಗೆ ಅನ್ನಬಾರದು, ದೊಡ್ಡವರಿಗೂ ಅನ್ನಬಾರದು" ಎಂದು ತಿಳಿಸಿದೆ. ಅವನು ಗಂಭೀರವಾಗಿ ತಲೆಯಾಡಿಸಿ, "ಆಯ್ತು ಕಣ್ಲಾ" ಎಂದ.

ಇದನ್ನು ತಿದ್ದುವುದು ನನ್ನಿಂದಾಗಲಿಲ್ಲ. ಅವನ ಕೆಲಸ ಮಾತ್ರ ಅಚ್ಚುಕಟ್ಟು. ಗ್ಯಾಂಗಿನವರು ಅವನಿಗಾಗಿ ಬಿಸಿಲು ಲೆಕ್ಕಿಸದೆ ದುಡಿಯುತ್ತಿದ್ದರು.

ಇಷ್ಟರಲ್ಲಿ ಹೊಸ ಯಾರ್ಡಿನ ನಕಾಶೆ ಬಂತು. ಅದರ ಪ್ರಕಾರ ಬೆಂಗಳೂರಿನ ರೈಲು ಬಾಗಿಲಿನ ಎದುರಿಗಿರುವ ಒಂದನೇ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತದೆ. ಮೈಸೂರಿನ ಪ್ಯಾಸೆಂಜರಿಗೆ ಮೇಲುಸೇತುವೆ ಹತ್ತಿ ಇಳಿದು ಹೋಗಬೇಕಾದ ಹೊಸ ಪ್ಲಾಟ್‌ಫಾರ್ಮು. ಈ ಸುದ್ದಿ ಪ್ಯಾಸೆಂಜರಿನವರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಮಾರನೆಯ ಬೆಳಿಗ್ಗೆ ಬೆಣ್ಣೆ ನಿಂಗಮ್ಮ ತಲೆಯ ಮೇಲಿನ ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಇಳಿಸಿದಳು.

ನಿಂಗಮ್ಮ ಹಳ್ಳಿಮೈಸೂರು ಎಂಬ ಊರಿನವಳು. ಅಲ್ಲಿಂದ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಬಂದು, ರೈಲು ಹತ್ತಿ, ಹಾಸನದ ಮನೆಮನೆಗೆ ಬೆಣ್ಣೆ ಮಾರಿ, ಇಳಿಹೊತ್ತಿನ ರೈಲಿಗೆ ವಾಪಸಾಗುತ್ತಿದ್ದಳು. ಅವಳು ಕೂರುವ ಬೋಗಿಯಲ್ಲಿ ಅವಳ ಮಾತೇ ಕಾನೂನು.

"ಮಾಸ್ಟ್ರಮ್ಮ, ಬೆಂಗ್ಳೂರ್ ರೈಲ್ಗೆ ಜಗ್ಲಿ, ನಮ್ ರೈಲ್ಗೆ ಇತ್ತಿಲಾ?" ಎಂದಳು. "ಅದೇನ್ ಅಳೀಮಯ್ಯ, ಇದೇನ್ ಜೀತದಾಳಾ?"

ಹೊಸ ವ್ಯವಸ್ಥೆಯಲ್ಲಿ ಔಟರಿನಲ್ಲಿ ಕಾಯುವುದು ತಪ್ಪುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅವಳ ಬುಟ್ಟಿಯಲ್ಲಿದ್ದ ಬಾಳೆಲೆ ಚೂರುಗಳನ್ನೇ ಹಳಿಗಳ ಹಾಗೆ ಮೇಜಿನ ಮೇಲೆ ಜೋಡಿಸಿ, ಎರಡು ಬೆಣ್ಣೆಯುಂಡೆಗಳನ್ನು ರೈಲು ಮಾಡಿ, ಒಂದು ಬರುವಾಗ ಇನ್ನೊಂದು ಹೇಗೆ ಅಡ್ಡ ಬರುವುದಿಲ್ಲ ಎಂದು ತೋರಿಸಿದೆ. ನಿಂಗಮ್ಮ ಗಮನವಿಟ್ಟು ನೋಡಿದಳು. ಎಲ್ಲ ಅರ್ಥವಾಯಿತು ಎನ್ನುವಂತೆ ನಿಟ್ಟುಸಿರಿಟ್ಟಳು.

"ಔಟರ್ನಾಗೆ ನಿಲ್ದೇ ಇದ್ರೆ ಸೀಬೇಣ್ಣು ಎಲ್ ತಕ್ಕಳ್ಳವ್ವಾ?" ಎಂದಳು.

ಬೆಣ್ಣೆಯ ಬೆಂಗಳೂರು ರೈಲು ಅಷ್ಟರಲ್ಲಿ ಕರಗಿ ನನ್ನ ಟೆಲಿಫೋನಿನ ಕಡೆ ಹೊರಟಿತ್ತು.

ವಿಭಾಗದ ದೊಡ್ಡ ಸಾಹೇಬರು ತಪಾಸಣೆಗೆ ಬರುವ ದಿನ ಹತ್ತಿರವಾಯಿತು. ಅವರು ಕನ್ನಡದವರೇ, ಆದರೆ ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಕ್ಕಿದ್ದನ್ನಂತೂ ಯಾರೂ ಕಂಡಿರಲಿಲ್ಲ. ಅವರ ಎದುರಿಗೆ ಮಿಶ್ರಾ ಬಾಯಿ ತೆರೆಯದಂತೆ ನೋಡಿಕೊಳ್ಳುವ ಜವಾಬ್ದಾರಿ ನನ್ನದಾಯಿತು. "ನೀನು ಇಂಗ್ಲಿಷಿನಲ್ಲೇ ಮಾತಾಡಪ್ಪ" ಎಂದು ಬೇಡಿಕೊಂಡೆ. ಒಪ್ಪಿದ.

ಆ ದಿನ ಸಾಹೇಬರು ಇಳಿದು ಬಂದರೆ, ಅವರಿಗಾಗಿ ಸಿಂಗರಿಸಿದ್ದ ವಿಶ್ರಾಂತಿ ಕೊಠಡಿಯ ತುಂಬ ಪ್ಯಾಸೆಂಜರಿನವರು ಬುಟ್ಟಿ ಚೀಲ ಸಮೇತ ಕೂತಿದ್ದರು. ಕೂಗಾಟವಿಲ್ಲ, ಘೋಷಣೆಯಿಲ್ಲ. ನರ್ಸುಗಳು ಸ್ವೆಟರ್ ಹೆಣೆಯುತ್ತಿದ್ದರು. ಸಾಹೇಬರ ಕುರ್ಚಿಯ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಇತ್ತು. ಸಾಹೇಬರು ಬಾಗಿಲಲ್ಲೇ ನಿಂತರು. ಏನಾದರೂ ಮಾಡಿ ಪರಿಸ್ಥಿತಿಯನ್ನು ಉಳಿಸಬೇಕೆಂದು ಮಿಶ್ರಾನಿಗೆ ಅನ್ನಿಸಿತು. ಸೊಪ್ಪು ಎತ್ತಿ ಕಂಕುಳಲ್ಲಿಟ್ಟುಕೊಂಡು, ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ, "ಬಾರ್ಲಾ ಸಾ, ಕುಂತ್ಕೋ, ದಣಿದ್ಬುಟ್ಟಿದ್ದೀಯ" ಎಂದ.

ನಾನು ಮನಸ್ಸಿನಲ್ಲೇ ನನ್ನ ವರ್ಗಾವಣೆಯ ಊರನ್ನು ಊಹಿಸತೊಡಗಿದೆ. ಸಾಹೇಬರು ನಿಧಾನವಾಗಿ ಹೋಗಿ ಕುಳಿತರು.

"ನಮ್ಮಜ್ಜಿ ಹೋದ ಮೇಲೆ ನನ್ನನ್ನು ಯಾರೂ ಹೀಗೆ ಕೂತ್ಕೋ ಅಂದಿರಲಿಲ್ಲ" ಎಂದರು, ಕನ್ನಡದಲ್ಲಿ.

ಸಿಕ್ಕಿದ ಸಂದು ಬಿಡುವವಳಲ್ಲ ನಿಂಗಮ್ಮ. ಜಗಲಿ ಹಿತ್ತಿಲಿನ ದೂರನ್ನು ಅವರ ಮುಂದಿಟ್ಟಳು. ಮಂಡಿನೋವಿನವರು, ಬಸುರಿಯರು, ತಲೆಹೊರೆಯವರು ದಿನಕ್ಕೆರಡು ಸಲ ಸೇತುವೆ ಹತ್ತಿ ಇಳಿಯುವುದು ಹೇಗೆ, ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗುವವರು ಒಂದು ದಿನ ಹತ್ತಿದರೆ ಏನು ಸವೆಯುತ್ತದೆ ಎಂದು ಕೇಳಿದಳು. ಸಾಹೇಬರು ಮಿಶ್ರಾನ ಕಡೆ ತಿರುಗಿ ಬದಲಾಯಿಸಲು ಸಾಧ್ಯವೇ ಎಂದರು. ಮಿಶ್ರಾ ಈಗ ಇಂಗ್ಲಿಷಿಗೆ ಹೊರಳಿ, ಒಂದನೇ ಪ್ಲಾಟ್‌ಫಾರ್ಮನ್ನು ಉದ್ದ ಮಾಡಲು ಜಾಗವಿಲ್ಲ, ಬೆಂಗಳೂರಿನ ರೈಲಿಗೆ ಇನ್ನೆರಡು ಬೋಗಿ ಸೇರಿದರೆ ಬಾಲ ಆಚೆ ಉಳಿಯುತ್ತದೆ, ಉದ್ದದ ರೈಲು ಹೊಸ ಪ್ಲಾಟ್‌ಫಾರ್ಮಿಗೆ ಹೋಗುವುದೇ ವಾಸಿ ಎಂದು ವಿವರಿಸಿದ. ಕೆಲವು ವಾರಗಳಲ್ಲಿ ತಿದ್ದಿದ ನಕಾಶೆ ಬಂತು. ಪ್ಯಾಸೆಂಜರಿಗೆ ಜಗಲಿ, ಬೆಂಗಳೂರಿಗೆ ಹಿತ್ತಿಲು.

ಮುಂದೆ ಕಂಪ್ಯೂಟರ್ ಬಂತು. ಪರದೆಯ ಮೇಲೆ ಇಡೀ ಯಾರ್ಡಿನ ಚಿತ್ರ. ಹಳಿ ಖಾಲಿಯಿದ್ದರೆ ಬೂದು ಗೆರೆ, ರೈಲು ನಿಂತಿದ್ದರೆ ಕೆಂಪು ಗೆರೆ. ಹಳೆಯ ಪ್ಯಾನೆಲ್ಲಿನಲ್ಲೇ ಕೆಲಸ ನಡೆಸುತ್ತ, ಹೊಸದನ್ನು ಪಕ್ಕದಲ್ಲಿಟ್ಟು ಪರೀಕ್ಷೆ ಮಾಡುತ್ತಿದ್ದ ದಿನಗಳವು. ಆಯುಧಪೂಜೆ ಬಂತು. ಜವರಪ್ಪ ಪ್ರತಿ ವರ್ಷದಂತೆ ಬಾವುಟ, ಸೀಟಿ, ಲಾಟೀನುಗಳನ್ನು ತೊಳೆದು ಸಾಲಾಗಿಟ್ಟು ಪೂಜೆ ಮಾಡಿದ. ಹೊಸಬನಿಗೂ ಮರ್ಯಾದೆಯಾಗಲಿ ಎಂದು ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿದ. ಮೌಸಿಗೆ ಪುಟ್ಟದೊಂದು ನಿಂಬೆಹಣ್ಣು ಕಟ್ಟಿದ. ನಾನು ಮಂಗಳಾರತಿ ತೆಗೆದುಕೊಂಡು ಪುರಿ ಕಡಲೆ ಹಂಚಿದೆ.

ಮರುದಿನ ಬೆಳಿಗ್ಗೆ ಪರದೆಯಲ್ಲಿ ಮೂರನೇ ಲೈನು ಕೆಂಪಾಗಿತ್ತು. ಕಿಟಕಿಯಿಂದ ನೋಡಿದರೆ ಅಲ್ಲಿ ರೈಲಿಲ್ಲ. ಒಂದು ನಾಯಿ ಮಲಗಿತ್ತು, ಅಷ್ಟೆ. ನಾಯಿಯನ್ನು ಓಡಿಸಿದೆವು. ಕೆಂಪು ಹೋಗಲಿಲ್ಲ. ಮಿಶ್ರಾ ಬಂದ. ಸಿಗ್ನಲ್ಲಿನ ಪರಿಣತರು ಬಂದರು. ವೈರುಗಳ ಪೆಟ್ಟಿಗೆ ಬಿಚ್ಚಿದರು, ಹಳಿಯ ಕೀಲು ತಟ್ಟಿ ನೋಡಿದರು, ಬೆಂಗಳೂರಿಗೆ ಫೋನು ಮಾಡಿದರು. ಇಲ್ಲದ ರೈಲೊಂದು ಮೂರನೇ ಲೈನಿನಲ್ಲಿ ಮಧ್ಯಾಹ್ನದವರೆಗೆ ನಿಂತಿತ್ತು. ಕಸ ಗುಡಿಸುವಾಕೆ ಬಂದು ಮೇಜು ಒರೆಸುತ್ತ, ಅದೇ ಬಟ್ಟೆಯಲ್ಲಿ ಪರದೆಯನ್ನೂ ಒಮ್ಮೆ ಒರೆಸಿದಳು. ರೈಲು ಮಾಯವಾಯಿತು. ಬಟ್ಟೆಯ ತುಂಬ ಕುಂಕುಮ.

ಜವರಪ್ಪನನ್ನು ಕರೆದು ಕೇಳಿದೆ. "ಅಣೆಗೆ ಇಕ್ಕದೆ ಇನ್ನೆಲ್ಲಿಗ್ ಇಕ್ಲಿ ಮಾಸ್ಟ್ರಮ್ಮ? ಅದುಕ್ಕೆ ಅಣೆ ಯಾವ್ದು ಅಂತ ನಂಗೊತ್ತಾಗ್ಲಿಲ್ಲ, ಮಧ್ಯಕ್ಕೆ ಇಕ್ದೆ" ಎಂದ.

ಕೊನೆಗೆ ಹಳೆಯ ಪ್ಯಾನೆಲ್ ಕಳಚಿ, ಹೊಸ ಯಾರ್ಡು ಚಾಲೂ ಆಯಿತು. ಮೊದಲ ವಾರ ನಾನು ಎಲ್ಲ ಎಚ್ಚರಿಕೆ ವಹಿಸಿದೆ. ಬಾಗಿಲಲ್ಲೇ ದೊಡ್ಡ ಬೋರ್ಡು, ಧ್ವನಿವರ್ಧಕದಲ್ಲಿ ಪದೇ ಪದೇ ಪ್ರಕಟಣೆ. ಸಾಲದೆಂದು ಜವರಪ್ಪನ ತಮ್ಮನಿಂದ ತರಕಾರಿ ಮಾರುವ ಮೈಕು ತರಿಸಿ, ಜವರಪ್ಪನ ಕೈಗೇ ಕೊಟ್ಟು ಮೆಟ್ಟಿಲ ಬಳಿ ನಿಲ್ಲಿಸಿದೆ. "ಬೆಂಗ್ಳೂರ್ಗೋಗರು ಮ್ಯಾಲತ್ತಿ, ನರಸೀಪುರುಕ್ಕೋಗರು ಇಲ್ಲೇ ನಿಂತ್ಕಳಿ" ಎಂದು ಅವನು ಕೂಗುತ್ತಿದ್ದ. ಮೈಕಿನೊಳಗೆ ಮೊದಲೇ ತುಂಬಿಸಿದ್ದ "ಟೊಮಾಟೊ, ಬೀನೀಸು" ಎಂಬ ಕೂಗು ನಡುನಡುವೆ ತಾನಾಗಿ ಬರುತ್ತಿತ್ತು. ಆದರೂ ಜನಕ್ಕೆ ವಿಷಯ ತಿಳಿಯಿತು. ನನಗೆ ಗೊತ್ತಿದ್ದಂತೆ ಆ ವಾರ ತಪ್ಪು ರೈಲು ಹತ್ತಿದವನು ಒಬ್ಬನೇ. ಆದರೆ ಅವನು ಹತ್ತಿದ್ದು ಎಂಥ ದಿನ ಎನ್ನುವುದೇ ಕಥೆ.

ಅರಕಲಗೂಡು ಕಡೆಯಿಂದ ಒಂದು ಗುಂಪು ಚನ್ನರಾಯಪಟ್ಟಣಕ್ಕೆ ಹೆಣ್ಣು ನೋಡಲು ಹೊರಟಿತ್ತು. ಹುಡುಗನ ಹೆಸರು ಲೋಕೇಶ. ಆಲೂಗಡ್ಡೆ, ಶುಂಠಿ ಬೆಳೆಯುವ ರೈತ. ಕಷ್ಟವೇನಿಲ್ಲ, ಮನೆಯಿದೆ, ಟ್ರ್ಯಾಕ್ಟರಿದೆ, ನಡತೆ ಒಳ್ಳೆಯದು. ಆದರೆ ಈಗಿನ ಕಾಲದಲ್ಲಿ ಹುಡುಗ ಬೇಸಾಯಗಾರ ಅಂದರೆ ಹೆಣ್ಣಿನ ಕಡೆಯವರು ಫೋನು ಇಟ್ಟುಬಿಡುತ್ತಾರೆ. ಇದನ್ನೆಲ್ಲ ನನಗೆ ಹೇಳಿದ್ದು ಅವನ ಸೋದರಮಾವ. ಅರಕಲಗೂಡಿನಿಂದ ಹಾಸನದವರೆಗೆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದು, ಇನ್ನು ಬಸ್ಸು ಹತ್ತಿದರೆ ತಾನು ಸಾಯುತ್ತೇನೆಂದು ಹಟ ಹಿಡಿದು ಎಲ್ಲರನ್ನೂ ರೈಲಿಗೆ ತಿರುಗಿಸಿದವರು ಅವರೇ. ನನ್ನ ಕೊಠಡಿಯ ಎದುರು ಬೆಂಚಿನಲ್ಲಿ ನಿಂಬೆಹಣ್ಣು ಮೂಸುತ್ತ ಕೂತಿದ್ದರು. ನಾನು ನೀರು ಕೊಟ್ಟೆ.

"ಇದೂ ಒಪ್ಲಿಲ್ಲ ಅಂದ್ರೆ ಇನ್ ಯಾವ ಮನೆ ಬಾಗ್ಲುಗೂ ಬರಾಕಿಲ್ಲ ಅಂದ್ಬುಟ್ಟವ್ನೆ ಮೇಡಮ್ಮಾರೆ" ಎಂದರು. "ಎಣ್ಣಿನ್ ತಂದೆ ಪಿ.ಟಿ. ಮೇಷ್ಟ್ರಾಗಿದ್ದೋರು. ಟೈಮು ಅಂದ್ರೆ ಟೈಮು. ಒಬ್ ಹುಡ್ಗ ಲೇಟಾಗ್ ಬಂದ ಅಂತ ಗೇಟಿಂದ್ಲೇ ವಾಪಸ್ ಕಳ್ಸಿದ್ರಂತೆ."

ಬೆಂಗಳೂರಿನ ರೈಲು ಹೊಸ ಪ್ಲಾಟ್‌ಫಾರ್ಮಿಗೆ ಬಂತು. ಗುಂಪು ಜವರಪ್ಪನ ಮಾತು ಕೇಳಿ ಸೇತುವೆ ಹತ್ತಿತು. ಹುಡುಗ ಮಾತ್ರ "ಬತ್ತೀನಿ, ನಡೀರಿ" ಎಂದು ವಿಶ್ರಾಂತಿ ಕೊಠಡಿಯ ಕನ್ನಡಿಯ ಮುಂದೆ ಉಳಿದ. ಅವನ ತಲೆಯಲ್ಲಿ ಒಂದು ಸುಳಿ ಇತ್ತು, ಎಷ್ಟು ಬಾಚಿದರೂ ಎದ್ದು ನಿಲ್ಲುತ್ತಿತ್ತು. ನೀರು ಹಚ್ಚಿದ, ಅಂಗೈಯಿಂದ ಒತ್ತಿದ, ಮತ್ತೆ ಬಾಚಿದ. ಸೀಟಿ ಕೇಳಿಸಿತು. ಓಡಿಬಂದರೆ ಎದುರಿಗೇ, ಬೆಂಗಳೂರಿನ ರೈಲು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ, ಒಂದು ರೈಲು ಹೊರಡುತ್ತಿತ್ತು. ಬಾಚಣಿಗೆ ಕೈಯಲ್ಲಿ ಹಿಡಿದೇ ಹಾರಿ ಹತ್ತಿದ. ಅದು ನಿಂಗಮ್ಮನ ಪ್ಯಾಸೆಂಜರು. ಎರಡು ರೈಲೂ ಒಟ್ಟಿಗೆ ಹೊರಡುವಂತಾಗಿದ್ದೇ ನಮ್ಮ ಹೊಸ ಯಾರ್ಡಿನ ಹೆಗ್ಗಳಿಕೆ.

ಮುಂದಿನದನ್ನು ನಿಂಗಮ್ಮ ಎಷ್ಟೋ ಸಲ ಹೇಳಿದ್ದಾಳೆ. ಊರು ದಾಟುವಷ್ಟರಲ್ಲಿ ಮಾವನ ಫೋನು ಬಂತು.

"ಎಲ್ಲಿದ್ದೀಯ್ಲಾ?"

"ರೈಲ್ನಾಗೇ ಇವ್ನಿ ಕಣ್ ಮಾವ."

"ನಾವೂ ರೈಲ್ನಾಗೇ ಇದೀವಲ್ಲ. ಯಾವ್ ಬೋಗಿ?"

"ಬೆಣ್ಣೆಯೋರು ಕುಂತವ್ರೆ, ಆ ಬೋಗಿ."

"ಇಲ್ ಯಾರೂ ಬೆಣ್ಣೆಯೋರಿಲ್ಲ. ಕಿಟ್ಕೀಲಿ ಕೈ ಆಚ್ಗಾಕು, ನೋಡ್ತೀನಿ."

ಲೋಕೇಶ ಕೈ ಆಚೆ ಹಾಕಿ ಬೀಸಿದ. "ಆಕಿವ್ನಿ, ಕಾಣ್ತಾ?"

"ಕಾಣ್ತಿಲ್ಲ ಕಣ್ಲಾ. ಎಡಗಡೆ ಆಕ್ದಾ, ಬಲಗಡೆ ಆಕ್ದಾ?"

ಎರಡು ರೈಲು ಎರಡು ದಿಕ್ಕಿಗೆ ಓಡುತ್ತಿದ್ದವು, ಮಾವ ಅಳಿಯ ಎರಡು ಕಿಟಕಿಗಳಿಂದ ಕೈ ಬೀಸುತ್ತಿದ್ದರು. ಇದು ಫೋನು ಕಡಿದುಹೋಗುವವರೆಗೆ ನಡೆಯಿತು. ನಿಂಗಮ್ಮನಿಗೆ ಅನುಮಾನ ಬಂದು "ಯಾವೂರ್ಗಪ್ಪಾ ನೀನು?" ಎಂದಳು. ಅವನು ಹೇಳಿದ. ಇದು ನರಸೀಪುರದ ರೈಲು ಎಂದು ಇಡೀ ಬೋಗಿ ಕೂಗಿತಂತೆ. ಲೋಕೇಶ ಬಾಚಣಿಗೆಯನ್ನು ಜೇಬಿಗಿಟ್ಟು, "ಬುಡಿ, ನನ್ ಹಣೇಬರಾನೇ ಇಷ್ಟು. ಮುಂದಿನ್ ಸ್ಟೇಷನ್ನಾಗೆ ಇಳ್ದು ಊರ್ಗೋಯ್ತೀನಿ" ಎಂದು ಕಿಟಕಿಯ ಕಡೆ ತಿರುಗಿ ಕೂತ. ಕಣ್ಣಲ್ಲಿ ನೀರಿತ್ತಂತೆ.

ನಿಂಗಮ್ಮ ನನಗೆ ಫೋನು ಮಾಡಿದಳು. "ಮಾಸ್ಟ್ರಮ್ಮ, ನಾವು ಜಗ್ಲಿ ಕೇಳಿದ್ಕೇ ಈ ಹೈದ ತಪ್ಪು ರೈಲು ಅತ್ತಿರದು. ಏನಾರ ಮಾಡ್ಬೇಕು. ಚೈನ್ ಎಳ್ದುಬುಡ್ಲಾ?"

ಚೈನಿಗೆ ಕೈ ಹಾಕಬೇಡ ಎಂದೆ. ಹಾಸನಕ್ಕೆ ವಾಪಸು ಕರೆಸಿದರೆ ಪ್ರಯೋಜನವಿಲ್ಲ. ಆದರೆ ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ನೇರ ರಸ್ತೆಯಿದೆ. ನಮ್ಮೂರಿನ ರಸ್ತೆ, ನನಗೆ ಗೊತ್ತಿಲ್ಲವೇ? ಮಿಶ್ರಾ ಆ ದಿನ ಹೊಳೆನರಸೀಪುರದಲ್ಲೇ ಕೆಲಸ ನೋಡಲು ಹೋಗಿದ್ದ, ಅವನ ಸ್ವಂತ ಹಳೆಯ ಕಾರಿನಲ್ಲಿ. ಫೋನು ಮಾಡಿ ವಿಷಯ ಹೇಳಿದೆ.

"ಚನ್ರಾಯಪಟ್ಣುಕ್ ಟಿಕೆಟ್ ತಗಂಡವ್ನಾ?" ಎಂದು ಕೇಳಿದ.

"ತಗೊಂಡಿದ್ದಾನೆ."

"ಅಂಗಾರೆ ಮುಟ್ಟುಸ್ಬೇಕು ಕಣ್ಲಾ ಮಾಸ್ಟ್ರಮ್ಮ" ಎಂದ.

ಹೊಳೆನರಸೀಪುರದಲ್ಲಿ ಹುಡುಗನನ್ನು ಇಳಿಸಿ ಮಿಶ್ರಾನ ಕಾರು ಹತ್ತಿಸು ಎಂದು ನಿಂಗಮ್ಮನಿಗೆ ಹೇಳಿದೆ. ಬೆಂಗಳೂರಿನ ರೈಲು ಮುಟ್ಟುವ ಹೊತ್ತಿಗೆ ಚನ್ನರಾಯಪಟ್ಟಣದ ಸ್ಟೇಷನ್ ಮಾಸ್ಟರಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಮೇಡಂ, ಇಲ್ಲೊಂದು ಗುಂಪು ಇಳಿದು ಪ್ರತಿ ಬೋಗಿಯ ಸೀಟಿನ ಕೆಳಗೂ ಬಗ್ಗಿ ನೋಡ್ತಿದೆ. ಏನು ಕಳ್ಕೊಂಡಿದೀರಿ ಅಂದ್ರೆ ಹುಡುಗ ಅಂತಾರೆ" ಎಂದರು. ಹುಡುಗ ರಸ್ತೆಯಲ್ಲಿ ಬರುತ್ತಿದ್ದಾನೆ, ನೀವು ಮುಂದೆ ಹೋಗಿ ಎಂದು ಅವರ ಮೂಲಕ ಗುಂಪಿಗೆ ತಿಳಿಸಿದೆ.

ಗುಂಪು ಹೇಳಿದ ಹೊತ್ತಿಗೆ ಸರಿಯಾಗಿ ಹೆಣ್ಣಿನ ಮನೆ ತಲುಪಿತು. ಪಿ.ಟಿ. ಮೇಷ್ಟ್ರು ಗೇಟಿನಲ್ಲಿ ಗಡಿಯಾರ ನೋಡುತ್ತ ನಿಂತಿದ್ದರು. "ಹುಡುಗ ಎಲ್ಲಿ?" ಎಂದರು. ಮಾವನಿಗೆ ಗಾಬರಿಯಲ್ಲಿ ಹೊಳೆದದ್ದು ಒಂದೇ ಮಾತು. "ಬಂದವ್ನೆ, ಅಲ್ಲೇ ಕಾಲ್ ತೊಳೀತಾವ್ನೆ" ಎಂದುಬಿಟ್ಟರು. ಎಲ್ಲರೂ ಒಳಗೆ ಕೂತರು. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು, ಕಾಫಿ ಬಂತು, ಲೋಟ ತೊಳೆದು ಕವುಚಿಟ್ಟದ್ದೂ ಆಯಿತು. ಮೇಷ್ಟ್ರು ಮತ್ತೊಮ್ಮೆ ಕೇಳಿದರು. ಇನ್ನೂ ತೊಳೆಯುತ್ತಿದ್ದಾನೆ ಎಂದರು ಮಾವ.

"ನಿಮ್ಮ ಹುಡುಗನಿಗೆ ಎಷ್ಟು ಕಾಲಿದಾವೆ?" ಎಂದರು ಮೇಷ್ಟ್ರು.

ಅವರು ಎದ್ದು ನಿಂತು, ಇನ್ನು ಹೊರಡಿ ಎಂದು ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಕಾರು ಬಂದು ನಿಂತಿತು. ಮೊದಲು ಬೆಣ್ಣೆಬುಟ್ಟಿಯೊಡನೆ ನಿಂಗಮ್ಮ ಇಳಿದಳು. ಆಮೇಲೆ, ದಾರಿಯುದ್ದಕ್ಕೂ ಕಿಟಕಿಯ ಗಾಳಿಗೆ ಕೂದಲೆಲ್ಲ ನೆಟ್ಟಗೆ ನಿಂತಿದ್ದ ಲೋಕೇಶ ಇಳಿದ. ಎಲ್ಲರಿಗಿಂತ ಮುಂದೆ ಮಿಶ್ರಾ ನಡುಮನೆಗೆ ನುಗ್ಗಿ, ಮೇಷ್ಟ್ರಿಗೆ ಕೈಮುಗಿದ.

"ಏನ್ಲಾ ಯಜ್ಮಾನ, ಚೆಂದಾಗಿದ್ದೀಯಾ? ಗಂಡು ತಂದಿವ್ನಿ. ಎಣ್ಣೆಲ್ಲಿ?"

ಗ್ಯಾಂಗಿನವರು ಹೆಣ್ಣಿಗೆ ಎಣ್ಣು ಎನ್ನುತ್ತಾರೆ. ಮಿಶ್ರಾ ಕೇಳಿದ್ದು ಹೆಣ್ಣೆಲ್ಲಿ ಎಂದು. ಆದರೆ ಅಲ್ಲಿದ್ದವರಿಗೆಲ್ಲ ಕೇಳಿಸಿದ್ದು ಬೇರೆಯೇ ಎಣ್ಣೆ, ಬಾಟಲಿಯಲ್ಲಿ ಬರುವಂಥದ್ದು. ಮೇಷ್ಟ್ರು ಜನ್ಮದಲ್ಲಿ ಬೀಡಿ ಕೂಡ ಮುಟ್ಟಿದವರಲ್ಲ. ಅವರ ಮುಖ ಮೂರನೇ ಲೈನಿಗಿಂತ ಕೆಂಪಾಯಿತು ಎಂದು ಜವರಪ್ಪ ಈಗಲೂ, ತಾನು ಅಲ್ಲಿಲ್ಲದಿದ್ದರೂ, ಹೇಳುತ್ತಾನೆ. ಮಾವ ಕಣ್ಣು ಮುಚ್ಚಿಕೊಂಡರು.

ಅಡುಗೆಮನೆಯಿಂದ ನಗು ಕೇಳಿಸಿತು. ತಡೆದು ತಡೆದು ಆಗದೆ ಹೊರಗೆ ಬಿದ್ದ ನಗು. ಹುಡುಗಿ ಸುಧಾ, ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದವಳು, ಕಾಫಿಯ ತಟ್ಟೆಯಿಲ್ಲದೆ, ಯಾರೂ ಕರೆಯದೆ ಹೊರಗೆ ಬಂದಳು. ಅವಳ ಎರಡು ಕೈಯಲ್ಲಿ ಎರಡು ಸೀಸೆ.

"ಕಡ್ಲೆಕಾಯಿ ಎಣ್ಣೆ ಸಾಕೋ, ಕೊಬ್ಬರಿ ಎಣ್ಣೆ ಆಗ್ಬೇಕೋ?" ಎಂದು ಕೇಳಿದಳು.

ಲೋಕೇಶ ತಲೆ ಮುಟ್ಟಿಕೊಂಡ. "ಕೊಬ್ರಿ ಎಣ್ಣೆ ಕೊಡಿ" ಎಂದ. "ಇದನ್ನ ಬಾಚಕ್ ಓಗೇ ರ್‍ಯಾಂಗ್ ರೈಲು ಅತ್ಬುಟ್ಟೆ."

ಆಗ ಮೇಷ್ಟ್ರು ನಕ್ಕರು. ಕೆಲಸದಲ್ಲಿದ್ದಷ್ಟು ದಿನ ಸೀಟಿ ಊದಿ ಊದಿ ಬಿಗಿದುಕೊಂಡಿದ್ದ ಬಾಯಿ ಅದು, ಹೇಗೆ ನಗಬೇಕೆಂದು ಮರೆತಂತೆ ಮೊದಲು ಒಂದು ಕಡೆ ಮಾತ್ರ ಎದ್ದಿತಂತೆ. ಉಪ್ಪಿಟ್ಟನ್ನು ಮತ್ತೆ ಬಿಸಿ ಮಾಡಿಸಿದರು. ಸುಧಾ ಮತ್ತು ಲೋಕೇಶ ಜಗಲಿಯಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ನಿಂಗಮ್ಮ ನಡುವೆ ಕೂತು, ಕೇಳಿಸಿಕೊಳ್ಳದವಳ ಹಾಗೆ ನಟಿಸುತ್ತ ಎಲ್ಲ ಕೇಳಿಸಿಕೊಂಡಳು. ಆಲೂಗಡ್ಡೆಗೆ ಅಂಗಮಾರಿ ರೋಗ ಬಂದರೆ ಏನು ಮಾಡುತ್ತೀರಿ ಎಂದು ಸುಧಾ ಕೇಳಿದಳಂತೆ. ನಿಮ್ಮ ಡೈರಿಯಲ್ಲಿ ನೀರು ಬೆರೆಸಿದವರನ್ನು ಹೇಗೆ ಹಿಡಿಯುತ್ತೀರಿ ಎಂದು ಅವನು ಕೇಳಿದನಂತೆ. ನಿಂಗಮ್ಮನಿಗೆ ಇಬ್ಬರೂ ಇಷ್ಟವಾದರು, ಆದರೆ ಮಾತು ಮಾತ್ರ ಸಪ್ಪೆ ಅನ್ನಿಸಿತು.

ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ಆಯಿತು. ಅಷ್ಟು ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಪ್ಯಾಸೆಂಜರಿನ ಅರ್ಧ ಬೋಗಿ ಬಂದಿತ್ತು. ನನಗೆ ಮನಸ್ಸಿನಲ್ಲಿ ಒಂದು ಅಳುಕು. ಎಷ್ಟಾದರೂ ನಾವು ಪ್ಲಾಟ್‌ಫಾರ್ಮು ಬದಲಾಯಿಸಿದ್ದರಿಂದ ಹೆಣ್ಣಿನ ಮನೆಯವರಿಗೆ ಅವತ್ತು ಅಷ್ಟೊಂದು ಕಿರಿಕಿರಿಯಾಯಿತಲ್ಲ, ಇಲಾಖೆಯ ಪರವಾಗಿ ಎರಡು ಮಾತು ಕ್ಷಮೆ ಕೇಳಬೇಕು ಎಂದು ಹಾಸನದಿಂದ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಅಕ್ಷತೆ ಹಾಕಲು ಮೇಲೆ ಹೋದಾಗ ಲೋಕೇಶ ನನ್ನನ್ನು ತೋರಿಸಿ, "ಇವ್ರೇ ಮಾಸ್ಟ್ರಮ್ಮ" ಎಂದ. ನಾನು ಶುರುಮಾಡುವ ಮೊದಲೇ ಸುಧಾ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಮೇಡಂ, ಇದನ್ನ ಯಾರ್ಗೂ ಹೇಳ್ಬೇಡಿ" ಎಂದು ಕಿವಿಯಲ್ಲಿ ಹೇಳಿದಳು. "ಅವತ್ತು ಎಲ್ರ ಜೊತೆ ಸರಿಯಾದ ರೈಲಲ್ಲಿ, ತಲೆ ಬಾಚ್ಕೊಂಡು, ಟೈಮ್ ಸರಿಯಾಗಿ ಬಂದಿದ್ರೆ ನಾನು ಬೇಡ ಅಂತ ಹೇಳಿಬಿಡ್ತಿದ್ದೆ. ಬೆಳಿಗ್ಗೇನೇ ತೀರ್ಮಾನ ಮಾಡಿಟ್ಟಿದ್ದೆ."

ನಾನು ಜೋಡಿಸಿಕೊಂಡು ಬಂದ ವಾಕ್ಯಗಳೊಂದೂ ಬೇಕಾಗಲಿಲ್ಲ. ಅಕ್ಷತೆ ಹಾಕಿ, ಕೆಳಗಿಳಿದು, ಹೋಳಿಗೆ ಊಟಕ್ಕೆ ಕೂತೆ.